ಲಂಬಾರ್ ಸಪೋರ್ಟ್ ಕೆಟ್ಟಿದೆಯಾ? ಟೆಸ್ಟ್ ಲ್ಯಾಂಪ್ ಹಾಕಿ ನೋಡದೆ ಮೋಟರ್ ಬಿಚ್ಚಲು ಬಿಡಬೇಡಿ

ಕಾರಿನ ಪವರ್ ಸೀಟಿನಲ್ಲಿ, ಅಂದರೆ ಸ್ವಿಚ್ ಒತ್ತಿದರೆ ಮೋಟರಿನಿಂದ ಸರಿಯುವ ಸೀಟಿನಲ್ಲಿ, ಸೊಂಟಕ್ಕೆ ಒತ್ತು ಕೊಡುವ ಲಂಬಾರ್ ಸಪೋರ್ಟ್ ಇರುತ್ತದಲ್ಲ, ಅದು ಕೆಟ್ಟಿದೆ ಅಂತ ಗ್ಯಾರೇಜಿಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹತ್ತಿರ 34 ಸಾವಿರ ರೂಪಾಯಿ ಕಿತ್ತುಕೊಂಡರು. ಕೆಟ್ಟಿದ್ದು ಒಂದು ಸ್ವಿಚ್. ಬರೀ ಸ್ವಿಚ್! ಸಿಟ್ಟು ಇನ್ನೂ ಇಳಿದಿಲ್ಲ. ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ಒಂದು ದಡ ಸೇರಲಿ.

ತೊಂದರೆ ಏನಿತ್ತು ಅಂದರೆ, ಡ್ರೈವರ್ ಸೀಟಿನ ಲಂಬಾರ್ ಮುಂದಕ್ಕೆ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿರಲಿಲ್ಲ. ಸ್ವಿಚ್ಚನ್ನು ಮುಂದಕ್ಕೆ ಒತ್ತಿದರೆ ಸೀಟಿನ ಒಳಗೆ ಗುಯ್ಯ್ ಅಂತ ಸದ್ದು ಬಂದು ಉಬ್ಬುತ್ತಿತ್ತು. ಹಿಂದಕ್ಕೆ ಒತ್ತಿದರೆ ಸದ್ದೇ ಇಲ್ಲ. ಹಾಗಾಗಿ ಅದು ಪೂರ್ತಿ ಮುಂದೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ನಾನು ಬೆಂಗಳೂರಿಂದ ಶಿವಮೊಗ್ಗಕ್ಕೆ ಆಗಾಗ ಓಡಾಡುವವನು. ತುಮಕೂರು ದಾಟುವಷ್ಟರಲ್ಲಿ ಯಾರೋ ಹಿಂದಿನಿಂದ ಮೊಣಕಾಲು ಕೊಟ್ಟು ತಳ್ಳುತ್ತಿರುವ ಹಾಗೆ ಆಗುತ್ತಿತ್ತು, ತಿಪಟೂರಿನಲ್ಲಿ ಇಳಿದು ಸೊಂಟ ಹಿಡಿದುಕೊಂಡು ನಡೆದಾಡಬೇಕು. ಇದನ್ನೆಲ್ಲ ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದ್ದೆ. ಜಾಬ್ ಕಾರ್ಡಿನಲ್ಲೂ ಬರೆಸಿದ್ದೆ: ಮುಂದಕ್ಕೆ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ.

ಮಧ್ಯಾಹ್ನ ಫೋನ್ ಬಂತು. "ಸರ್, ಸ್ಕ್ಯಾನರ್ ಹಾಕಿದ್ವಿ, ಏನೂ ಎರರ್ ಬರ್ತಿಲ್ಲ. ಎರರ್ ಇಲ್ಲ ಅಂದ್ರೆ ಮೋಟರೇ ಸರ್." ಇದು ಅವರು ಹೇಳಿದ ಮಾತು. ಸ್ಕ್ಯಾನರ್ ಓದುವುದು ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ಎರರ್‌ಗಳನ್ನು. ನನ್ನ ಕಾರಿನದು ನಮ್ಮ ಹೊಂದಾಣಿಕೆ ನೆನಪಿಟ್ಟುಕೊಳ್ಳುವ ಮೆಮೊರಿ ಸೀಟಲ್ಲ, ಲಂಬಾರ್ ಸ್ವಿಚ್ಚಿನಿಂದ ವೈರು ನೇರವಾಗಿ ಮೋಟರಿಗೆ ಹೋಗುತ್ತದೆ, ನಡುವೆ ಯಾವ ಕಂಪ್ಯೂಟರೂ ಇಲ್ಲ. ಹಾಗಿರುವಾಗ ಸ್ಕ್ಯಾನರ್ ಅದನ್ನು ನೋಡುವುದಾದರೂ ಹೇಗೆ? ಏನೂ ಬರದೇ ಇರೋದೇ ಸರಿ. ಆದರೆ ಅವರು ಆ ಖಾಲಿ ರಿಪೋರ್ಟಿನ ಪ್ರಿಂಟ್ ತೆಗೆದು, ಅದಕ್ಕೂ ಬಿಲ್ ಹಾಕಿ, ಅದನ್ನೇ ಸಾಕ್ಷಿ ಅಂತ ನನ್ನ ಮುಂದಿಟ್ಟರು. ಮೋಟರ್ ಬಿಡಿಯಾಗಿ ಬರಲ್ಲ, ಅದರ ಕೇಬಲ್ಲು, ಬೆನ್ನಿಗೆ ಒತ್ತುವ ಬುಟ್ಟಿ ಎಲ್ಲ ಸೇರಿ ಪೂರ್ತಿ ಅಸೆಂಬ್ಲಿ ಹಾಕಬೇಕು ಅಂದರು. ಲೇಬರ್, ಜಿಎಸ್‌ಟಿ ಎಲ್ಲ ಸೇರಿ 34 ಸಾವಿರ.

ಈಗ ಕೇಳಿ, ನನಗೆ ಈಗಲೂ ಹೊಟ್ಟೆ ಉರಿಯುವುದು ಡೆಲಿವರಿ ದಿನದ ಕೆಲಸಕ್ಕೆ. ಸೂಪರ್‌ವೈಸರ್ ತಾನೇ ಸೀಟಿನಲ್ಲಿ ಕೂತ. "ನೋಡಿ ಸರ್, ಎಷ್ಟು ಸ್ಮೂತ್ ಆಗಿದೆ" ಅಂತ ಸ್ವಿಚ್ಚನ್ನು ಒಂದು ಚೂರು ಮುಂದಕ್ಕೆ ಒತ್ತಿದ. ಗುಯ್ಯ್ ಅಂತು. "ಸರಿ ಹೋಯ್ತಲ್ಲ ಸರ್" ಅಂದ, ಇಳಿದ, ಕಾರ್ಡ್ ಮಶಿನ್ ತಂದ. ಹೊಸ ಅಸೆಂಬ್ಲಿ ಒಳಗೆ ಸರಿದ ಸ್ಥಿತಿಯಲ್ಲೇ ಬಂದಿತ್ತು, ಹಾಗಾಗಿ ಸೀಟು ಚಪ್ಪಟೆಯಾಗಿ ಕಾಣುತ್ತಿತ್ತು, ರಿಪೇರಿ ಆದ ಹಾಗೇ ಕಾಣುತ್ತಿತ್ತು. ಅವನು ಒತ್ತಿ ತೋರಿಸಿದ್ದು ಮೊದಲಿನಿಂದಲೂ ಕೆಲಸ ಮಾಡುತ್ತಿದ್ದ ದಿಕ್ಕನ್ನೇ. ಹಿಂದಕ್ಕೆ ಒತ್ತಲೇ ಇಲ್ಲ.

ನೆಲಮಂಗಲ ಟೋಲ್ ಹತ್ತಿರ ಕ್ಯೂನಲ್ಲಿ ನಿಂತಾಗ ಸೊಂಟಕ್ಕೆ ಸರಿಯಾಗಿ ಹೊಂದಿಸಿಕೊಳ್ಳೋಣ ಅಂತ ಮುಂದಕ್ಕೆ ಒತ್ತಿದೆ, ಬಂತು. ಸ್ವಲ್ಪ ಜಾಸ್ತಿ ಆಯ್ತು ಅಂತ ಹಿಂದಕ್ಕೆ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಲ್ಲ. ಅಲ್ಲೇ ಮೈಯೆಲ್ಲ ಬಿಸಿಯಾಯಿತು. ಅದೇ ತೊಂದರೆ, ಅದೇ ಸೀಟು, 34 ಸಾವಿರ ಕೊಟ್ಟು ಒಂದು ಗಂಟೆ ಕೂಡ ಆಗಿರಲಿಲ್ಲ.

ವಾಪಸ್ ತಿರುಗಿಸಿಕೊಂಡು ಹೋದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮೊದಲು, "ಹೊಸ ಮೋಟರ್ ಅಲ್ವಾ ಸರ್, ಸೆಟ್ ಆಗೋಕೆ ಸ್ವಲ್ಪ ಟೈಮ್ ಬೇಕು." ಆಮೇಲೆ, "ನೀವು ಜಾಸ್ತಿ ಹೊತ್ತು ಒತ್ತಿ ಹಿಡಿದಿರಬೇಕು." ಇದನ್ನು ಬೇರೆ ಗಿರಾಕಿಗಳೆಲ್ಲ ಕೂತಿದ್ದ ಹಾಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಪವರ್ ಸೀಟ್ ಬಳಸೋಕೆ ಗೊತ್ತಿಲ್ಲದವರು ಹೀಗೇ ಸುಟ್ಟುಬಿಡ್ತಾರೆ ಅಂತ ಸೇರಿಸಿ ಹೇಳಿದ. ಅವಮಾನದಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಳೇ ಮೋಟರ್ ಕೊಡಿ ಅಂದೆ. "ಅದು ಸ್ಕ್ರ್ಯಾಪಿಗೆ ಹೋಯ್ತು ಸರ್." ಅದೇ ದಿನ ಬಿಚ್ಚಿದ್ದು, ಅದೇ ದಿನ ಸ್ಕ್ರ್ಯಾಪಿಗೆ! ಕೊನೆಗೆ ಹೊಸ ಎಸ್ಟಿಮೇಟ್ ಬಂತು: ಸೀಟಿನ ವೈರಿಂಗ್ ಹಾರ್ನೆಸ್ ಪೂರ್ತಿ ಬದಲಾಯಿಸಬೇಕಂತೆ. ಹಾಗಾದರೆ ಮೋಟರಿನ ದುಡ್ಡು ವಾಪಸ್ ಕೊಡಿ ಅಂದರೆ, "ಎಲೆಕ್ಟ್ರಿಕಲ್ ಪಾರ್ಟ್ ರಿಟರ್ನ್ ಇಲ್ಲ ಸರ್, ಬಿಲ್ ಹಿಂದೆ ಬರೆದಿದೆ ನೋಡಿ."

ಕಾರು ತೆಗೆದುಕೊಂಡು ಹೋದದ್ದು ಕಲಾಸಿಪಾಳ್ಯದ ಹತ್ತಿರದ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಅವರು ಸೀಟಿಗೆ ಕೈ ಹಾಕುವ ಮೊದಲೇ ಒಂದೇ ಮಾತು ಕೇಳಿದರು. "ಮುಂದಕ್ಕೆ ಹೋಗೋ ಮೋಟರ್ ಹಿಂದಕ್ಕೆ ಯಾಕೆ ಬರಲ್ಲ?"

ಅಷ್ಟೇ ವಿಷಯ. ಆ ಮೋಟರಿಗೆ ಇರುವುದು ಎರಡೇ ವೈರು. ಮುಂದಕ್ಕೆ ಒತ್ತಿದಾಗ ಸ್ವಿಚ್ಚು ಒಂದಕ್ಕೆ ಪ್ಲಸ್ ಕೊಡುತ್ತದೆ, ಇನ್ನೊಂದು ಅರ್ತ್, ಅಂದರೆ ಮೈನಸ್ ಆಗಿರುತ್ತದೆ. ಹಿಂದಕ್ಕೆ ಒತ್ತಿದಾಗ ಅದೇ ಎರಡು ವೈರು ಅದಲುಬದಲಾಗುತ್ತವೆ, ಮೋಟರ್ ಉಲ್ಟಾ ತಿರುಗುತ್ತದೆ. ಫ್ಯೂಸ್ ಅದೇ, ವೈರ್ ಅದೇ, ಮೋಟರ್ ಅದೇ. ಒಂದು ದಿಕ್ಕಿಗೆ ಚೆನ್ನಾಗಿ ಓಡುತ್ತಿದೆ ಅಂದರೆ ಇವೆಲ್ಲ ಸರಿ ಇವೆ ಅಂತ. ಬದಲಾಗುವುದು ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಮಾತ್ರ. ಗೇರ್ ಸಿಕ್ಕಿಹಾಕಿಕೊಂಡಿದ್ದರೆ ಒತ್ತಿದಾಗ ಮೋಟರ್ ಮುಲುಗುವ ಸದ್ದಾದರೂ ಬರಬೇಕಿತ್ತು.

ಅವರು ಬಾಯಲ್ಲಿ ಹೇಳಿ ಬಿಡಲಿಲ್ಲ, ನನ್ನ ಕಣ್ಣೆದುರೇ ಮಾಡಿ ತೋರಿಸಿದರು. ಮೋಟರಿನ ಪ್ಲಗ್ ಬಿಚ್ಚಿ ಅದರ ಎರಡು ಪಿನ್ನಿಗೆ ಟೆಸ್ಟ್ ಲ್ಯಾಂಪ್, ಅಂದರೆ ಕರೆಂಟ್ ಬಂದರೆ ಉರಿಯುವ ವೈರ್ ಕಟ್ಟಿದ ಬಲ್ಬು, ಹಿಡಿದರು. ಮುಂದಕ್ಕೆ ಒತ್ತಿದರೆ ಝಗ್ ಅಂತ ಉರಿಯಿತು, ಹಿಂದಕ್ಕೆ ಒತ್ತಿದರೆ ಕತ್ತಲೆ. ಆಮೇಲೆ ಬ್ಯಾಟರಿಯಿಂದ ಫ್ಯೂಸ್ ಇರುವ ವೈರ್ ಎಳೆದು ಮೋಟರಿಗೆ ಉಲ್ಟಾ ಕೊಟ್ಟರು. ಲಂಬಾರ್ ಸರಾಗವಾಗಿ ಒಳಗೆ ಹೋಯಿತು. ಸ್ವಿಚ್ ಬಿಚ್ಚಿದರೆ ಒಂದು ಕಾಂಟ್ಯಾಕ್ಟ್ ಸುಟ್ಟು ಕರಿ ಹಿಡಿದಿತ್ತು. ಜೆ.ಸಿ. ರಸ್ತೆಯಲ್ಲಿ ಸ್ವಿಚ್ ಸಿಕ್ಕಿತು, ಕೂಲಿ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು. ಅಲ್ಲಿ ನಿಂತು ನನಗೆ ಖುಷಿಗಿಂತ ಜಾಸ್ತಿ ಸಿಟ್ಟೇ ಬಂತು. ಇಷ್ಟು ನೋಡಲು ಬೇಕಾಗಿದ್ದು ಒಂದು ಬಲ್ಬು, ಎರಡು ವೈರು.

ನಿಮ್ಮ ಸೀಟಿನ ಕಥೆ ಬೇರೆ ಇರಬಹುದು. ಎರಡೂ ದಿಕ್ಕಿಗೆ ಸತ್ತಿದ್ದರೆ ಮೊದಲು ಫ್ಯೂಸ್ ನೋಡಿಸಿ. ಸೀಟನ್ನು ಹಿಂದೆ ಮುಂದೆ ಸರಿಸಿದಾಗ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಸೀಟಿನ ಕೆಳಗೆ ಮಡಚಿ ಮಡಚಿ ವೈರ್ ತುಂಡಾಗಿರಬಹುದು, ಮಳೆಗಾಲದ ಒದ್ದೆ ಚಪ್ಪಲಿಯಿಂದ ಅಲ್ಲಿನ ಕನೆಕ್ಟರ್ ತುಕ್ಕು ಹಿಡಿಯುವುದೂ ಉಂಟು. ಬರೀ ಮೀಟರ್ ಇಟ್ಟು 12 ವೋಲ್ಟ್ ಬರ್ತಿದೆ ಅಂದರೆ ನಂಬಬೇಡಿ, ಒಂದೇ ಎಳೆ ಉಳಿದಿರುವ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ, ಲ್ಯಾಂಪ್ ಹಾಕಿದರೆ ಗೊತ್ತಾಗುತ್ತದೆ. ಕೆಲವು ಕಾರಲ್ಲಿ ಲಂಬಾರಿಗೆ ಮೋಟರ್ ಬದಲು ಪಂಪಿನಿಂದ ಉಬ್ಬುವ ಗಾಳಿ ಚೀಲ ಇರುತ್ತದೆ. ಅದರಲ್ಲಿ ಪಂಪ್ ಸದ್ದು ಬರುತ್ತಿದೆ, ಸೊಂಟಕ್ಕೆ ಏನೂ ಒತ್ತುತ್ತಿಲ್ಲ ಅಂದರೆ ಮೊದಲು ಪೈಪೋ ಚೀಲವೋ ಸೋರುತ್ತಿದೆಯಾ ನೋಡಿಸಿ.

ಇನ್ನೊಂದು ಬಿಟ್ಟೇ ಹೋಗುತ್ತಿತ್ತು. ಆ ಗ್ಯಾರೇಜಿನಿಂದ ಕಾರು ಬಂದಾಗಿನಿಂದ ಏರ್‌ಬ್ಯಾಗ್ ಲೈಟ್ ಉರಿಯುತ್ತಿತ್ತು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಬ್ಯಾಟರಿ ನೆಗೆಟಿವ್ ತೆಗೆದು, ಕೆಲವು ನಿಮಿಷ ಕಾದು, ಆಮೇಲೆ ಅದನ್ನು ಮುಟ್ಟಬೇಕು. ಅದಕ್ಕೆ ಮೀಟರ್, ಲ್ಯಾಂಪ್ ಯಾವುದೂ ಇಡಬಾರದು. ಇವರು ಅದನ್ನು ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದ್ದಾರೆ. ಕೇಳಿದ್ದಕ್ಕೆ, "ಅದು ಬೇರೆ ಜಾಬ್ ಸರ್, ಎರರ್ ಕ್ಲಿಯರ್ ಮಾಡೋಕೆ ಬೇರೆ ಚಾರ್ಜ್." ತಾವೇ ಹಚ್ಚಿದ ಲೈಟ್ ಆರಿಸಲು ನನ್ನ ಹತ್ತಿರ ದುಡ್ಡು! ಅಪಘಾತ ಆಗಿ ಆ ಏರ್‌ಬ್ಯಾಗ್ ಬಿಚ್ಚಿಕೊಳ್ಳದೇ ಹೋಗಿದ್ದರೆ?

ಜಾಬ್ ಕಾರ್ಡಿನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಹಳೇ ಪಾರ್ಟ್ ವಾಪಸ್ ಬೇಕು. ಬಿಚ್ಚುವ ಮೊದಲು ಮೋಟರಿನ ಪ್ಲಗ್ಗಿನಲ್ಲಿ ಎರಡೂ ದಿಕ್ಕಿಗೆ ಕರೆಂಟ್ ಬರುತ್ತಿದೆಯಾ ಅಂತ ನಿಮ್ಮೆದುರು ತೋರಿಸಬೇಕು. ಡೆಲಿವರಿಯಲ್ಲಿ ಸ್ವಿಚ್ಚನ್ನು ನೀವೇ ಒತ್ತಿ, ಅವರ ಕೈಗೆ ಕೊಡಬೇಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಾಬ್ ಕಾರ್ಡು, ಬಿಲ್ಲು, ಸುಟ್ಟ ಸ್ವಿಚ್ಚಿನ ಫೋಟೋ ಎಲ್ಲ ಇವೆ. ಆಮೇಲೆ ಗ್ಯಾರೇಜಿನಿಂದ ಫೋನ್ ಬಂತು, ಮುಂದಿನ ಸರ್ವಿಸಿನಲ್ಲಿ ಡಿಸ್ಕೌಂಟ್ ಕೊಡ್ತೀವಿ, ದೂರು ವಾಪಸ್ ತಗೊಳ್ಳಿ ಅಂತ. ಆಗಲ್ಲ ಅಂದೆ. ಪೂರ್ತಿ ದುಡ್ಡು ಬರುವ ತನಕ ಬಿಡುವುದಿಲ್ಲ.