ಹಿಮದ ಚಾರಣ: ಜನವರಿಯೋ, ಏಪ್ರಿಲೋ?

ನೃಪತುಂಗ ಬೆಟ್ಟ ಹತ್ತಿ ಅಭ್ಯಾಸ ಮಾಡುತ್ತಿರುವ ಹುಬ್ಬಳ್ಳಿಯ ಗೆಳೆಯರೊಬ್ಬರು ಕೇಳಿದ್ದಾರೆ: ಉತ್ತರಾಖಂಡದ ಹಿಮದ ಚಾರಣಕ್ಕೆ ಜನವರಿ ಒಳ್ಳೆಯದೋ, ಏಪ್ರಿಲೋ?

ಮೊದಲು ಹಿಮಕುಸಿತದ ಮಾತು. ಜನವರಿಯ ಚಳಿಗೆ ಹಿಮದ ಒಳಪದರ ಹರಳು ಹರಳಾಗಿ ಉಳಿಯಬಹುದು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿಯುತ್ತದೆ. ಅದರ ಮೇಲೆ ಹೊಸ ಹಿಮದ ಭಾರ ಬಿದ್ದರೆ ಇಡೀ ಹಾಸೇ ಜಾರಬಹುದು. ಈ ಸಡಿಲ ಪದರ ವಾರಗಟ್ಟಲೆ ಒಳಗೇ ಅಡಗಿರುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ಏಪ್ರಿಲಿನ ಅಪಾಯ ಹೊತ್ತು ನೋಡಿ ಬರುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಒದ್ದೆಯಾಗಿ ಸಡಿಲ. ನಸುಕಿನಲ್ಲೇ ಹೊರಟು ಬೇಗ ಇಳಿದರೆ ಎಷ್ಟೋ ತಪ್ಪುತ್ತದೆ. ಆದರೆ ರಾತ್ರಿ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ, ಆಗ ಈ ಲೆಕ್ಕ ನಂಬಬೇಡಿ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಜನವರಿಗೆ ಬೆಚ್ಚನೆಯ ಬಟ್ಟೆ ಜಾಸ್ತಿ ಬೇಕು. ಧಾರವಾಡದ ಚಳಿಯ ಸ್ವೆಟರ್ ಅಲ್ಲಿ ಸಾಲದು!

ಮೊದಲ ಸಲ, ದಟ್ಟ ಹಿಮ ನೋಡಲೇಬೇಕು ಅಂದರೆ ಜನವರಿ, ಅದೂ ಕೇದಾರಕಂಠದಂಥ ಕಾಡಿನ ಹಾದಿಯಲ್ಲಿ. ಮರಗಳಿಲ್ಲದ ಎತ್ತರ ಬೇಕಿದ್ದರೆ ನಾನು ಏಪ್ರಿಲ್ ಅನ್ನುವೆ. ಯಾವ ತಿಂಗಳಾದರೂ 30ರಿಂದ 45 ಡಿಗ್ರಿ ಇಳಿಜಾರಿನ ಕೆಳಗೆ ಟೆಂಟ್ ಹಾಕಬೇಡಿ. ಜೋರು ಹಿಮ ಬಿದ್ದರೆ ಒಂದೆರಡು ದಿನ ಸುಮ್ನೆ ಬೆಟ್ಟದ ಕೆಳಗಿನ ಊರಲ್ಲೇ ಕೂತು ಚಹಾ ಕುಡಿಯಿರಿ.