ಮಾವನ ರಾಡೋ: ಮಾಟುಂಗದಲ್ಲಿ ರಾಜ, ಜೂರಿಕ್‌ನಲ್ಲಿ ಸುಮ್ನೆ ಒಂದು ವಾಚು

ಏಳು ವರ್ಷದಿಂದ ನನ್ನ ಎಡಗೈಯಲ್ಲಿ ಇರುವುದು ಸೋದರಮಾವನ ರಾಡೋ ಡಯಾಸ್ಟಾರ್. ರಾಡೋ ಸ್ವಿಸ್ ವಾಚು ಕಂಪನಿ, ಡಯಾಸ್ಟಾರ್ ಅದರ ಒಂದು ಮಾದರಿ. ಚಿನ್ನದ ಬಣ್ಣ, ಮೊಟ್ಟೆಯ ಆಕಾರ, ಆಟೋಮ್ಯಾಟಿಕ್, ಅಂದರೆ ಕೈ ಆಡಿದ ಹಾಗೆ ತಾನೇ ಕೀ ಕೊಟ್ಟುಕೊಳ್ಳುವಂಥದ್ದು. 1984ರಲ್ಲಿ ಮಾವ ಬಹರೈನ್‌ನಲ್ಲಿ ಕೊಂಡದ್ದು. ಹೊಸ ವಾಚಿನ ರಿವ್ಯೂ ಬೇಕಾದಷ್ಟು ಸಿಗುತ್ತದೆ. ನಲವತ್ತು ವರ್ಷ ಓಡಿದ ವಾಚು ಈಗ ಹೇಗಿದೆ ಅಂತ ಬರೆದವರು ಕಡಿಮೆ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ನಾನು ಮುಂಬೈಯಲ್ಲಿ ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಆ ಕೆಲಸದ ಮೇಲೆ ಇದೇ ವಾಚು ಕಟ್ಟಿಕೊಂಡು ಮೂರು ದೇಶಕ್ಕೆ ಹೋಗಿ ಬಂದೆ. ವಾಚು ಒಂದೇ. ನೋಡಿದ ಕಣ್ಣು ಮಾತ್ರ ಎಲ್ಲ ಕಡೆ ಬೇರೆ ಬೇರೆ.

ಮೊದಲು ವಾಚಿನ ವಿಷಯ. ಡಯಾಸ್ಟಾರ್ ಶುರುವಾಗಿದ್ದು 1962ರಲ್ಲಿ. ಗೀರು ಬೀಳದ ವಾಚು ಅನ್ನುವುದೇ ಅದರ ಹೆಸರುವಾಸಿ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಒತ್ತಿ, ಸುಟ್ಟು ಗಟ್ಟಿ ಮಾಡಿದ ಲೋಹದ ಕೇಸು, ಮೇಲೆ ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜು. ನನ್ನದರ ಕೇಸನ್ನು ಬಿಸಿಲಿಗೆ ಹಿಡಿದು ನೋಡಿದರೆ ನಲವತ್ತು ವರ್ಷದ ಮೇಲೂ ಕನ್ನಡಿಯ ಹಾಗಿದೆ. ಇದು ಉತ್ಪ್ರೇಕ್ಷೆ ಅಲ್ಲ, ಪಕ್ಕದಲ್ಲಿರುವ ಚೈನ್ ನೋಡಿದರೆ ಗೊತ್ತಾಗುತ್ತದೆ. ಚೈನ್ ಮಾಮೂಲಿ ಲೋಹ, ಮೇಲಿನ ಚಿನ್ನದ ಲೇಪ ಅಲ್ಲಲ್ಲಿ ಎದ್ದು ಹೋಗಿದೆ, ಕೊಂಡಿಗಳು ಸಡಿಲವಾಗಿವೆ.

ಡಯಲ್ ಮೇಲೆ 12ರ ಕೆಳಗೆ ಒಂದು ಪುಟ್ಟ ಲಂಗರು ಇದೆ. ಅದು ಅಂಟಿಸಿದ ಗುರುತಲ್ಲ, ಕೈ ಅಲ್ಲಾಡಿಸಿದರೆ ತಿರುಗುತ್ತದೆ. ಅದರ ಅಡಿಯ ಎಣ್ಣೆ ಒಣಗಿದರೆ ತಿರುಗುವುದು ನಿಲ್ಲುತ್ತದೆ. ಆಗ ಒಳಗಿನ ಮಶೀನಿನ ಎಣ್ಣೆಯೂ ಒಣಗಿರುತ್ತದೆ, ಸರ್ವಿಸ್‌ಗೆ ಕೊಡುವ ಹೊತ್ತಾಯಿತು ಅಂತ ಲೆಕ್ಕ. ನನಗೆ ಈ ವಾಚಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಕೊಡುವಾಗ ಮಾವ ಹೇಳಿದ್ದೂ ಎರಡೇ ಮಾತು. "ಲಂಗರು ನೋಡ್ತಾ ಇರು. ಮತ್ತೆ, ಕೆಳಗೆ ಮಾತ್ರ ಬೀಳಿಸ್ಬೇಡ ಮಾರಾಯ್ತಿ, ಗೀರು ಬೀಳುದಿಲ್ಲ ಅಂದ್ರೆ ಒಡೆಯುದಿಲ್ಲ ಅಂತ ಅಲ್ಲ."

ಮುಂಬೈಯಲ್ಲಿ ಈ ವಾಚಿಗೆ ಸಿಗುವ ಮರ್ಯಾದೆಯೇ ಬೇರೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತಾಗ ಪರಿಚಯವೇ ಇಲ್ಲದ ಹೆಂಗಸರು ಕೇಳಿದ್ದಾರೆ, "ರಾಡೋ ಹೈ ಕ್ಯಾ? ಅಸಲಿ?" ಮಾಟುಂಗದಲ್ಲಿ ನಾವು ಕಾಫಿಗೆ ಹೋಗುವ ಹೋಟೆಲಿನ ಗಲ್ಲಾದಲ್ಲಿ ಕೂರುವ ಶೆಟ್ಟರ ಕೈಯಲ್ಲೂ ಇದೇ ಡಯಾಸ್ಟಾರ್. ಮೊದಲ ದಿನ ಅವರು ನೋಡಿದ್ದು ನನ್ನ ಮುಖವನ್ನಲ್ಲ, ಮಣಿಕಟ್ಟನ್ನು. "ಯಾರದ್ದಮ್ಮ ಇದು?" ಅಂದರು. ಮಾವನದ್ದು ಅಂದೆ. ಬಹರೈನಾ, ಕುವೈತಾ? ಎರಡನೇ ಪ್ರಶ್ನೆಯೇ ಅದು! ಹದಿನಾಲ್ಕು ವರ್ಷಕ್ಕೆ ಊರು ಬಿಟ್ಟು ಬಂದು ಪಾತ್ರೆ ತೊಳೆದು, ಆಮೇಲೆ ಪಾಲುದಾರನಾಗಿ, ಸ್ವಂತ ಹೋಟೆಲು ಇಟ್ಟ ದಿನ ಕೊಂಡ ವಾಚು ಅದು ಅಂತ ಅವರದ್ದನ್ನು ತೋರಿಸಿದರು. ಅವರಿಗೆ ಅದು ಸಮಯ ನೋಡುವ ವಸ್ತು ಅಲ್ಲ, ಅಲ್ವಾ? ಗೆದ್ದ ಗುರುತು.

ನಮ್ಮಲ್ಲಿ "ರಾಡೋ, ರೋಲೆಕ್ಸ್" ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಈ ಎರಡು ಹೆಸರು ಒಂದು ಸಾಲಿನಲ್ಲಿ ಬರುವುದೇ ಇಲ್ಲ. ರಾಡೋ ಇರುವುದು ಸ್ವಾಚ್ ಗ್ರೂಪ್‌ನಲ್ಲಿ. ಆ ಮನೆಯೊಳಗೇ ಬ್ರೆಗೆ, ಬ್ಲಾಂಪ್ಯಾ, ಒಮೇಗಾ ಮೇಲಿನ ಮೆಟ್ಟಿಲು. ಅದರ ಕೆಳಗೆ ಲಾಂಜೀನ್ ಜೊತೆ ರಾಡೋ. ಅದಕ್ಕೂ ಕೆಳಗೆ ಟಿಸೊ. ಇನ್ನು ರೋಲೆಕ್ಸ್ ಬೇರೆಯೇ ಮನೆ. 1905ರಲ್ಲಿ ಲಂಡನ್‌ನಲ್ಲಿ ಹುಟ್ಟಿ, 1919ರಲ್ಲಿ ಜಿನೀವಾಕ್ಕೆ ಹೋದ ಕಂಪನಿ.

ಹಾಗಾದರೆ ನಮ್ಮಲ್ಲಿ ರಾಡೋ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ನನಗೆ ಕಂಡದ್ದು ಹೇಳುತ್ತೇನೆ. 1991ಕ್ಕೆ ಮೊದಲು ಹೊರದೇಶದ ವಾಚು ಅಂಗಡಿಗೆ ಹೋಗಿ ಸಲೀಸಾಗಿ ಕೊಳ್ಳುವ ಹಾಗಿರಲಿಲ್ಲ. ನಮಗೆ ಇದ್ದದ್ದು ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಎಸ್ಸೆಸ್ಸೆಲ್ಸಿ ಪಾಸಾದರೆ ಎಚ್‌ಎಂಟಿ, ಮದುವೆಗೆ ಎಚ್‌ಎಂಟಿ. ಫಾರಿನ್ ವಾಚು ಅಂದರೆ ಗಲ್ಫಿನಿಂದ ಯಾರದ್ದೋ ಬ್ಯಾಗಿನಲ್ಲಿ ಬರಬೇಕು. ಎರಡು ವರ್ಷಕ್ಕೊಮ್ಮೆ ರಜೆಗೆ ಬರುವ ಮಾವಂದಿರು ತಂದದ್ದು ಜಪಾನಿನ ಸೀಕೋ ಮತ್ತು ರಾಡೋ. ಸೀಕೋ ಹಂಚುವುದಕ್ಕೆ, ರಾಡೋ ತಮಗೆ. ಥಳಥಳ ಹೊಳೆಯಬೇಕು, ಮರಳಿನಲ್ಲಿ, ಬೆವರಿನಲ್ಲಿ ಕೆಲಸ ಮಾಡಿದರೂ ಮಾಸಬಾರದು. ಅಂಥ ಕೈಗಳಿಗೆ ಡಯಾಸ್ಟಾರ್ ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ಹೊರದೇಶದ ಮಾಲಿಗೆ ಬಾಗಿಲು ತೆರೆದಾಗ, ಹೃತಿಕ್ ರೋಷನ್ ಜಾಹೀರಾತಿಗೆ ಬರುವ ಹೊತ್ತಿಗೆ, ಹೆಸರು ಮನೆಮನೆಯಲ್ಲಿ ಆಗಲೇ ಇತ್ತು. ವಾಚಿನ ಬೆಲೆ ಕಂಪನಿ ಹಾಕುತ್ತದೆ, ಅದರ ಅಂತಸ್ತು ಮಾತ್ರ ಅದನ್ನು ಮೊದಲು ಹೊತ್ತು ತಂದವರಿಂದ ಬರುತ್ತದೆ. ಇದು ನನ್ನ ಗಟ್ಟಿ ನಂಬಿಕೆ.

ಜೂರಿಕ್‌ಗೆ ಹೋದಾಗ ಯಾರೂ ಮಣಿಕಟ್ಟು ನೋಡಲಿಲ್ಲ. ನಾಲ್ಕು ದಿನ ಸಭೆ, ಒಬ್ಬರೂ ಕೇಳಲಿಲ್ಲ. ನನ್ನ ಜೊತೆ ಕೂತ ಹಿರಿಯ ಅಧಿಕಾರಿ ಕಟ್ಟಿದ್ದು ಪ್ಲಾಸ್ಟಿಕ್ ಸ್ವಾಚ್. ಅದೇ ಊರಿನಲ್ಲಿ 1983ರ ಮಾರ್ಚ್ 1ಕ್ಕೆ ಮೊದಲ ಸ್ವಾಚ್ ಬಿಡುಗಡೆಯಾಗಿದ್ದು, ಅಗ್ಗದ ಆ ಪ್ಲಾಸ್ಟಿಕ್ ವಾಚಿನಿಂದಲೇ ಮುಳುಗುತ್ತಿದ್ದ ಸ್ವಿಸ್ ಉದ್ಯಮ ಚೇತರಿಸಿಕೊಂಡಿತು ಅಂತ ಅವರೇ ಹೆಮ್ಮೆಯಿಂದ ಹೇಳಿದರು. ಕೊನೆಯ ದಿನ ನಾನಾಗಿಯೇ ತೋರಿಸಿದೆ. "ಓ, ರಾಡೋ. ಸೆರಾಮಿಕ್ ಮಾಡುವವರು, ಒಳ್ಳೆ ಡಿಸೈನ್" ಅಂದರು, ಅಷ್ಟೇ. ಅವರ ಪಾಲಿಗೆ ರಾಡೋ ಅಂದರೆ 1986ರ ಇಂಟೆಗ್ರಲ್ ಮಾದರಿಯಿಂದ ಈಚೆಗಿನ ಸೆರಾಮಿಕ್ ವಾಚು. ಲೆಂಗ್‌ನೌ ಅನ್ನುವ ಚಿಕ್ಕ ಊರಿನಲ್ಲಿ 1917ರಲ್ಲಿ ಶುರುವಾದ ಕಾರ್ಖಾನೆ, ಎಸ್ಪೆರಾಂಟೋ ಭಾಷೆಯಲ್ಲಿ ರಾಡೋ ಅಂದರೆ ಚಕ್ರ, ಇದೆಲ್ಲ ಅಲ್ಲಿ ಹೇಳಿದವಳು ನಾನು! ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಅವರು ತಾತ್ಸಾರ ಮಾಡಲಿಲ್ಲ, ಅವರಿಗೆ ಅದರ ಹಿಂದೆ ಒಬ್ಬ ಮಾವ ಇರಲಿಲ್ಲ.

ಟೋಕಿಯೋದಲ್ಲಿ ಇನ್ನೊಂದು ಪಾಠ. ನಮ್ಮ ಕರಾವಳಿ ಮನೆಗಳಲ್ಲಿ ಸೀಕೋ 5 ಅಂದರೆ ಗಲ್ಫಿನ ಉಡುಗೊರೆ, ವಾರದ ಹೆಸರು ಅರಬಿಯಲ್ಲಿ ಬರುವ ವಾಚು, ಹುಡುಗರಿಗೆ ಕೊಡುವಂಥದ್ದು. ಅಲ್ಲಿ ಸೀಕೋ ಅಂದರೆ 1881ರಿಂದ ಬಂದ ಮನೆತನ. ಗಿಂಜಾದ ಮೂಲೆಯ ಗಡಿಯಾರದ ಗೋಪುರವೇ ಅವರದ್ದು. ಲೋಕವನ್ನೇ ಬದಲಿಸಿದ ಮೊದಲ ಕ್ವಾರ್ಟ್ಜ್ (ಬ್ಯಾಟರಿಯಲ್ಲಿ ಓಡುವ) ಕೈಗಡಿಯಾರ ಆಸ್ಟ್ರಾನ್ 1969ರ ಡಿಸೆಂಬರ್ 25ಕ್ಕೆ ಬಂದದ್ದು ಅವರಿಂದಲೇ. 1960ರಲ್ಲಿ ಶುರುವಾದ ತಮ್ಮ ದುಬಾರಿ ವಾಚುಗಳ ಸಾಲು ಗ್ರ್ಯಾಂಡ್ ಸೀಕೋವನ್ನು 2017ರಲ್ಲಿ ಬೇರೆ ಬ್ರ್ಯಾಂಡ್ ಮಾಡಿ, ಡಯಲ್ ಮೇಲಿಂದ ಸೀಕೋ ಅನ್ನುವ ಹೆಸರನ್ನೇ ತೆಗೆದರು. ಯಾಕೆ ತೆಗೆದರು ಅಂತ ಮುಂಬೈಯವರಿಗೆ ಕೇಳಿದರೆ ಥಟ್ಟನೆ ಉತ್ತರ ಸಿಗುತ್ತದೆ. ಹೊರದೇಶದಲ್ಲಿ "ಸೀಕೋಗೆ ಇಷ್ಟು ದುಡ್ಡಾ?" ಅಂತ ಕೇಳುವವರೇ ಜಾಸ್ತಿ. ಅಂಗಡಿಯಲ್ಲಿ ಒಂದನ್ನು ಕೈಗಿಟ್ಟು ನೋಡಿದೆ. ಸ್ಪ್ರಿಂಗ್ ಡ್ರೈವ್ ಮಶೀನು, ಸೆಕೆಂಡಿನ ಮುಳ್ಳು ಟಿಕ್ ಟಿಕ್ ಇಲ್ಲದೆ ನೀರು ಹರಿದ ಹಾಗೆ ಹೋಗುತ್ತದೆ. ನಿಜ ಹೇಳಬೇಕೆಂದರೆ ಕೆಲಸದ ನಯದಲ್ಲಿ ನನ್ನ ರಾಡೋ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅದನ್ನು ಕಟ್ಟಿಕೊಂಡು ಲೋಕಲ್ ಹತ್ತಿದರೆ ದಾದರ್‌ನಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಸ್ಕತ್‌ನಲ್ಲಿ ಬಂದರಿನ ಕಚೇರಿಯ ಗುಮಾಸ್ತರೊಬ್ಬರು ಕಾಗದಕ್ಕೆ ಮುದ್ರೆ ಒತ್ತುತ್ತಾ ನಿಂತೇಬಿಟ್ಟರು. "ಡಯಾಸ್ಟಾರ್" ಅಂದರು. ಮಾದರಿಯ ಹೆಸರು ಹಿಡಿದು ಹೇಳಿದವರು ಅವರೊಬ್ಬರೇ. ಅಲ್ಲಿಯ ಲೆಕ್ಕವೇ ಬೇರೆ. ಧರ್ಮ ನಿಷ್ಠೆಯಿಂದ ಪಾಲಿಸುವ ಮುಸ್ಲಿಂ ಗಂಡಸರು ಚಿನ್ನ ತೊಡುವುದಿಲ್ಲ, ಹಾಗಾಗಿ ಸ್ಟೀಲ್ ಅಥವಾ ಪ್ಲಾಟಿನಂ ಕಟ್ಟುತ್ತಾರೆ. ಒಮಾನನ್ನು ಆಳಿದ್ದ ಸುಲ್ತಾನ್ ಕಾಬೂಸ್ ಉಡುಗೊರೆ ಕೊಟ್ಟ ರೋಲೆಕ್ಸ್‌ಗಳ ಡಯಲ್ ಮೇಲೆ ಆ ದೇಶದ ಖಂಜರ್ (ಬಾಗಿದ ಕಠಾರಿ) ಗುರುತು ಇದೆ. ಅಂಥ ವಾಚಿಗೆ ಇಂದು ಲೋಕದ ಎಲ್ಲ ಕಡೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಒಂದು ಊರಿನ ಗುರುತು ಇನ್ನೊಂದು ಊರಿನಲ್ಲಿ ಬೆಲೆಯಾಗುವುದು ಹೀಗೂ ಇದೆ.

ಚೀನಾಕ್ಕೆ ನಾನು ಹೋಗಿಲ್ಲ. ಅಲ್ಲಿ ನಡೆದದ್ದು ಮಾತ್ರ ವಾಚು ಕಟ್ಟುವವರೆಲ್ಲ ತಿಳಿಯಬೇಕಾದದ್ದು. 2012ರಲ್ಲಿ ಯಾಂಗ್ ದಾಚಾಯ್ ಅನ್ನುವ ಅಧಿಕಾರಿ 36 ಜನ ಸತ್ತ ಬಸ್ ಅಪಘಾತದ ಜಾಗದಲ್ಲಿ ನಗುತ್ತಾ ನಿಂತ ಫೋಟೋ ಹೊರಬಂತು. ಸಿಟ್ಟಾದ ಜನ ಅವನ ಹಳೆ ಫೋಟೋಗಳನ್ನೆಲ್ಲ ಕೆದಕಿ, ಒಂದೊಂದರಲ್ಲೂ ಬೇರೆ ಬೇರೆ ದುಬಾರಿ ವಾಚು ಕಟ್ಟಿದ್ದನ್ನು ಎತ್ತಿ ತೋರಿಸಿದರು. ಮರುವರ್ಷ ಲಂಚದ ಕೇಸಿನಲ್ಲಿ ಅವನಿಗೆ 14 ವರ್ಷ ಜೈಲಾಯಿತು. ಅಲ್ಲಿಯ ಅಧಿಕಾರಿಗಳ ಮಣಿಕಟ್ಟು ಜನರ ಕಣ್ಣಿಗೆ ಬಿದ್ದದ್ದು ಆಗಲೇ.

ನಮ್ಮ ಮುಂಬೈಗೂ ವಾಚಿನ ಲೋಕದಲ್ಲಿ ಒಂದು ಹೆಸರಿದೆ, ಒಂದಲ್ಲ ಎರಡು. ಒಳ್ಳೆಯದು ಮೊದಲು ಹೇಳುತ್ತೇನೆ. ವೆಸ್ಟ್ ಎಂಡ್ ವಾಚ್ ಕಂಪನಿ 1886ರಲ್ಲಿ ಈ ಊರಿನಲ್ಲೇ ಹುಟ್ಟಿದ ಸ್ವಿಸ್ ಬ್ರ್ಯಾಂಡ್. ಅದರ ಸೋವಾರ್ ವಾಚುಗಳನ್ನು ಬ್ರಿಟಿಷ್ ಕಾಲದ ಸೈನಿಕರು ಕಟ್ಟುತ್ತಿದ್ದರು. ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಆ ಹೆಸರು ಜೂರಿಕ್‌ನ ನನ್ನ ಅಧಿಕಾರಿಗೆ ಗೊತ್ತಿರಲಿಲ್ಲ. ಕೆಟ್ಟದ್ದು "ಮುಂಬೈ ಸ್ಪೆಷಲ್". ಹಳೆ ವಾಚಿಗೆ ಡಯಲ್ ಬಣ್ಣ ಬಳಿದು, ಯಾವ್ಯಾವುದೋ ವಾಚಿನ ಮುಳ್ಳು, ಕೇಸು ಸೇರಿಸಿ ಮಾರುವುದಕ್ಕೆ ಹೊರದೇಶದ ಸಂಗ್ರಹಕಾರರು ಇಟ್ಟ ಹೆಸರು. ನನಗೆ ಆ ಮಾತು ಚುಚ್ಚುತ್ತದೆ. ಮೋಸ ನಡೆಯುತ್ತದೆ, ಒಪ್ಪುತ್ತೇನೆ. ಬಿಡಿಭಾಗ ಸಿಗದ ಕಾಲದಲ್ಲಿ ವಾಚನ್ನು ಎಸೆಯದೆ ಬದುಕಿಸಿದ ಕೈಗಳೂ ಅವೇ. ಬಣ್ಣ ಬಳಿದದ್ದು ಅಂತ ಹೇಳಿ ಮಾರಿದರೆ ಯಾವ ತಪ್ಪೂ ಇಲ್ಲ.

ಆ ಎರಡೂ ಮುಖ ನಾನೇ ನೋಡಿದೆ. ಮೂರು ವರ್ಷದ ಹಿಂದೆ ದಾದರ್‌ನಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಕೈ ಬಾಗಿಲ ಕಂಬಕ್ಕೆ ಬಡಿದು, ಗಾಜಿನ ಅಂಚು ಚಕ್ಕೆ ಎದ್ದಿತು. ಮಾವ ಹೇಳಿದ್ದೇ ಆಯಿತು. ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಸಫೈರ್ ಅಂತ ದುಡ್ಡು ತೆಗೆದುಕೊಂಡು ಬೇರೆ ಗಾಜು ಹಾಕಿಕೊಟ್ಟರು. ಎರಡೇ ತಿಂಗಳಿಗೆ ಗೀರುಗಳು. ನಲವತ್ತು ವರ್ಷ ಬೀಳದ್ದು! ಕೇಳಲು ಹೋದರೆ ನೀವೇ ಸರಿಯಾಗಿ ಇಟ್ಟುಕೊಂಡಿಲ್ಲ ಅಂದರು. ಅಷ್ಟರಲ್ಲಿ ಲಂಗರೂ ತಿರುಗುವುದು ನಿಲ್ಲಿಸಿತ್ತು.

ಶೆಟ್ಟರು ಫೋರ್ಟ್‌ನ ಒಂದು ಗಲ್ಲಿಯ ದಾರಿ ಹೇಳಿದರು. ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ದೀಪ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡ ವಯಸ್ಸಾದ ಚಾಚಾ. ಅವರು ಮೊದಲು ಸಮಯ ಸರಿ ಇದೆಯಾ ಅಂತ ನೋಡಲಿಲ್ಲ. ವಾಚನ್ನು ಓರೆ ಮಾಡಿ ಲಂಗರು ನೋಡಿದರು, ತಲೆ ಅಲ್ಲಾಡಿಸಿದರು. ಡಯಲ್ ಅಸಲಿ ಇದೆ, ಯಾರು ಏನೇ ಹೇಳಿದರೂ ಬಣ್ಣ ಹಾಕಿಸಬೇಡ ಅಂತ ಎರಡು ಸಲ ಹೇಳಿದರು. ಗಾಜು ಹುಡುಕಲು ಐದು ವಾರ ಬೇಕಾಯಿತು. ಮಶೀನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಟ್ಟರು. ಈಗ ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಮುಂದೆ ಓಡುತ್ತದೆ, ಈ ವಯಸ್ಸಿನ ವಾಚಿಗೆ ಅದು ಬಹಳ ಚೆನ್ನಾಗಿದೆ.

ನೀವು ಹಳೆ ಡಯಾಸ್ಟಾರ್ ಕೊಳ್ಳುವುದಾದರೆ: ಮೊದಲು ಲಂಗರು ತಿರುಗುತ್ತದಾ ನೋಡಿ. ಗಾಜಿನ ಮೇಲೆ ಗೀರಿದ್ದರೆ ಅದು ಅಸಲಿ ಗಾಜಲ್ಲ ಅಂತಲೇ ತಿಳಿಯಿರಿ. ಡಯಲ್ ಮೇಲಿನ ಅಕ್ಷರ ದಪ್ಪವಾಗಿ, ಅಂಚು ಹರಡಿದ ಹಾಗಿದ್ದರೆ ಬಣ್ಣ ಬಳಿದಿದ್ದಾರೆ. ತೂಕ ಇದೆ, ಮೊದಲ ವಾರ ಕೈ ನೋಯುತ್ತದೆ. ಗಂಡಸರ ವಾಚಾದರೂ ಅಗಲ ಕಡಿಮೆ, ಹಾಗಾಗಿ ಹೆಂಗಸರ ಕೈಗೂ ಚೆನ್ನಾಗಿ ಕೂರುತ್ತದೆ. ಮುಂದೆ ಮಾರಿ ಲಾಭ ಮಾಡುವ ಆಸೆ ಇದ್ದರೆ ಇದು ಬೇಡ, ಆ ದಾರಿ ರೋಲೆಕ್ಸ್‌ನದು. ಮನೆಯಲ್ಲಿ ಗಲ್ಫಿಗೆ ಹೋಗಿ ಬಂದ ಹಿರಿಯರ ರಾಡೋ ಕಪಾಟಿನಲ್ಲಿ ನಿಂತುಹೋಗಿ ಬಿದ್ದಿದ್ದರೆ ಹೊಸದು ಕೊಳ್ಳಲೇಬೇಡಿ, ಅದನ್ನೇ ಸರ್ವಿಸ್ ಮಾಡಿಸಿ ಕಟ್ಟಿ.

ಚೈನ್ ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಚೋರ್ ಬಜಾರ್‌ನಲ್ಲಿ ಮೂರು ಶುಕ್ರವಾರ ಸುತ್ತಿದೆ, ಸಿಕ್ಕಿದ್ದೆಲ್ಲ ಡೂಪ್ಲಿಕೇಟ್. ಚಿನ್ನದ ಬಣ್ಣದ ಹಳೆ ಡಯಾಸ್ಟಾರ್‌ಗೆ ಹೊಂದುವ ಅಸಲಿ ಚೈನ್ ಇಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ. ಗಣೇಶ ಚೌತಿಗೆ ಊರಿಗೆ ಹೋಗುವ ಮೊದಲು ಹಾಕಿಸಬೇಕು.