ಪಡಸಾಲೆಯ ಕಸೂತಿ: ನಾನು ಮಾಡಿಸಿಕೊಂಡ ಚಂದ್ರಕಾಳಿ ಸೀರೆ

ಧಾರವಾಡದಲ್ಲಿ ಹವ್ಯಾಸಕ್ಕೆಂದು ಕಸೂತಿ ಹಾಕುತ್ತಿದ್ದ ಗೃಹಿಣಿಯೊಬ್ಬರು ಈಗ ಮನೆಯ ಪಡಸಾಲೆಯಲ್ಲೇ ಕುಳಿತು ಆರ್ಡರ್ ತೆಗೆದುಕೊಳ್ಳುತ್ತಿದ್ದಾರೆ. ಮಗಳ ಮದುವೆಗಾಗಿ ಅವರಿಂದ ಚಂದ್ರಕಾಳಿ ಸೀರೆಯೊಂದನ್ನು, ಎಂದರೆ ಕಸೂತಿ ಹಾಕಿದ ಕಪ್ಪು ಸೀರೆಯನ್ನು, ಮಾಡಿಸಿಕೊಂಡೆ.

ಸೀರೆ ಕೈಗೆ ಬಂದಾಗ ಮೊದಲು ನೋಡಿದ್ದು ಸೆರಗಿನ ಹಿಂಬದಿಯನ್ನು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು, ನಡುವೆ ಬಿಟ್ಟ ಜಾಗಗಳನ್ನು ತುಂಬುವುದರಿಂದ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು, ಗಂಟು ಎಲ್ಲಿಯೂ ಇರಕೂಡದು. ಇಲ್ಲಿನ ತೇರು, ಆನೆ, ತುಳಸಿಕಟ್ಟೆಗಳನ್ನು ಎಷ್ಟು ತಿರುವಿ ನೋಡಿದರೂ ಮುಂಬದಿ ಯಾವುದೆಂದು ಹೇಳುವುದು ಕಷ್ಟ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹಾಕುವ ಕೆಲಸವಿದು. ಗೋಪುರದ ಮೆಟ್ಟಿಲುಗಳಿಗೆ ಹಾಕಿದ, ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಯಲ್ಲೂ ಒಂದು ಎಳೆ ತಪ್ಪಿಲ್ಲ.

ನನಗೆ ಅಷ್ಟೇ ಮೆಚ್ಚುಗೆಯಾದದ್ದು ಅವರ ಬಿಲ್ಲು. ಹವ್ಯಾಸದಿಂದ ವ್ಯಾಪಾರಕ್ಕೆ ಇಳಿದ ಅನೇಕರು ದಾರದ ಬೆಲೆಯನ್ನಷ್ಟೇ ಲೆಕ್ಕ ಹಿಡಿದು ತಮ್ಮ ದುಡಿಮೆಯನ್ನು ಮರೆತುಬಿಡುತ್ತಾರೆ. ಇವರು ಸೀರೆ, ದಾರ, ಕೆಲಸದ ದಿನಗಳು ಎಂದು ಬೇರೆಬೇರೆಯಾಗಿ ಬರೆದು, ಕೂಲಿಯೆಂದೇ 9,500 ರೂಪಾಯಿ ಪಡೆದರು. ಯಂತ್ರದ ಕಸೂತಿಗೆ ಹೋಲಿಸಿದರೆ ಇದು ದುಬಾರಿಯೆನಿಸಬಹುದು, ಆದರೆ ನನ್ನ ಮಟ್ಟಿಗೆ ನ್ಯಾಯವಾದ ಬೆಲೆ.

ಕೊರತೆಯೊಂದಿದೆ. ಹೇಳಿದ ದಿನಕ್ಕಿಂತ 12 ದಿನ ತಡವಾಯಿತು, ಅದನ್ನು ನಾವೇ ಫೋನ್ ಮಾಡಿ ತಿಳಿದುಕೊಳ್ಳಬೇಕಾಯಿತು. ಒಬ್ಬರೇ ಹೊಲಿಯುವಾಗ ತಡವಾಗುವುದು ಸಹಜವಾದರೂ, ಮದುವೆ ಮನೆಯವರಿಗೆ ಮೊದಲೇ ತಿಳಿಸಬೇಕಿತ್ತು. ಸೀರೆ ಕೊಡುವಾಗ ಅವರು ಕ್ಷಮೆ ಕೇಳಿ, ಒಂದು ತಿಂಗಳಿಗೆ ಎರಡೇ ಸೀರೆ ಒಪ್ಪಿಕೊಳ್ಳುವುದಾಗಿ ತೀರ್ಮಾನಿಸಿದ್ದೇನೆ ಎಂದರು. ಮಾಡಿಸಬಯಸುವವರು ಕನಿಷ್ಠ ಮೂರು ತಿಂಗಳು ಮುಂಚಿತವಾಗಿ ಹೇಳಿಡುವುದು ಒಳ್ಳೆಯದು.